ಗಾಲಿಯ ಮೇಲಣ ಸಂಸಾರ

ಕೈತುಂಬ ಸಂಬಳ ಬರುವ ಕೆಲಸವನ್ನು ಬಿಟ್ಟು, ಬಾಡಿಗೆಯ ಮನೆಯನ್ನು ಖಾಲಿಮಾಡಿ, ಇದ್ದ ಸಾಮಾನನ್ನು ಮಾರಿ, ಒಂದು ಮೋಟಾರು ವ್ಯಾನಿನಲ್ಲಿಯೇ ಹಾಸಿಗೆಯನ್ನೂ ಒಲೆಯನ್ನೂ ಅಣಿಮಾಡಿಕೊಂಡು ಊರೂರು ತಿರುಗುತ್ತ ಬಾಳುವವರ ಸಂಗತಿಯನ್ನು ನಮ್ಮ ವಾಚಕರು ಈಚೆಗೆ ಕೇಳಿರಬಹುದು. ಪತ್ರಿಕೆ, ರೇಡಿಯೋ, ಟೆಲಿವಿಷನ್ ಮುಂತಾದ ಉದ್ಯೋಗಗಳಲ್ಲಿದ್ದವರು ಈ ಹಾದಿಯನ್ನು ಹಿಡಿದರೆಂಬ ಮಾತೇ ಹೆಚ್ಚಾಗಿ ಕಿವಿಗೆ ಬೀಳುವುದು. ಅದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬೇರೆ ಕೆಲಸದವನು ಮನೆ ಬಿಟ್ಟು ಹೊರಟರೆ ನೆರೆಯವರಿಗಷ್ಟೆ ತಿಳಿಯುವುದು. ಬರೆಯುವವನು ಹೊರಟರೆ ಲೋಕಕ್ಕೆಲ್ಲ ತಿಳಿಯುವುದು.

ಇಂಥ ಸುದ್ದಿಯನ್ನು ಕೇಳಿ ಮನೆಯ ಹಿರಿಯರು ನಗುವುದುಂಟು, ಕಿರಿಯರು ಆಸೆಪಡುವುದುಂಟು. ನಗುವುದಕ್ಕೂ ಆಸೆಪಡುವುದಕ್ಕೂ ಮೊದಲು ಸಂಸಾರಸ್ಥರು ಕೇಳಬೇಕಾದ ಪ್ರಶ್ನೆ ಬೇರೊಂದಿದೆಯೆಂದು ನಮಗೆ ತೋರುತ್ತದೆ. ಹೀಗೆ ಹೊರಟವನು ನಿಜವಾಗಿ ಏನನ್ನು ಬಿಟ್ಟನು, ಏನನ್ನು ಜೊತೆಯಲ್ಲಿಯೇ ಒಯ್ದನು, ಅದರ ಬೆಲೆಯನ್ನು ಯಾರು ತೆತ್ತರು? ಇದನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಬ್ಬಿಬ್ಬರ ಬಾಳನ್ನು ನೋಡುವುದು ಲೇಸು.

ಈ ಕಾಲದ ವ್ಯಾನಿನ ಬಾಳಿಗೆ ಹೆಸರು ತಂದವನು ಅಮೆರಿಕದ ಫಾಸ್ಟರ್ ಹಂಟಿಂಗ್‌ಟನ್ ಎಂಬಾತ. ನ್ಯೂಯಾರ್ಕಿನಲ್ಲಿ ರಾಲ್ಫ್ ಲಾರೆನ್ ಎಂಬ ಉಡುಪಿನ ಸಂಸ್ಥೆಯಲ್ಲಿ ವಿನ್ಯಾಸಕಾರನಾಗಿದ್ದ ಆತನು 2011ರಲ್ಲಿ ಆ ಕೆಲಸವನ್ನು ತೊರೆದು, ಒಂದು ಹಳೆಯ ಫೋಕ್ಸ್‌ವ್ಯಾಗನ್ ವ್ಯಾನನ್ನು ಕೊಂಡು ಅದರಲ್ಲಿಯೇ ಬಿಡಾರ ಹೂಡಿದನು. ಕಂಡ ನೋಟಗಳನ್ನು ಚಿತ್ರಹಿಡಿದು ಇನ್‌ಸ್ಟಾಗ್ರಾಮಿನಲ್ಲಿ ‘ವ್ಯಾನ್‌ಲೈಫ್’ ಎಂಬ ಗುರುತಿನೊಡನೆ ಹಾಕತೊಡಗಿದನು. ಆ ಗುರುತು ಬೇಗನೆ ಲೋಕದ ಮಾತಾಯಿತು. ಆದರೆ ಅದೇ ದೇಶದಲ್ಲಿ, ಅಂಥವೇ ವ್ಯಾನುಗಳಲ್ಲಿ, ಮತ್ತೊಂದು ಬಗೆಯ ಜನರೂ ಇರುವರು. 2008ರ ಹಣಕಾಸಿನ ಕುಸಿತದ ತರುವಾಯ ಮನೆಯನ್ನು ಉಳಿಸಿಕೊಳ್ಳಲಾರದೆ ಬೀದಿಗೆ ಬಂದ ವೃದ್ಧರು ಅವರು. ಬೀಟ್‌ಗಡ್ಡೆಯ ಕೊಯ್ಲಿನಲ್ಲಿಯೂ ದೊಡ್ಡ ಉಗ್ರಾಣಗಳಲ್ಲಿಯೂ ಆಯಾ ಕಾಲಕ್ಕೆ ಸಿಕ್ಕ ಕೂಲಿಯನ್ನು ಮಾಡುತ್ತ ಅಲೆಯುವರು. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಿಕಾ ಲೇಖಕಿಯು ತಾನೂ ಒಂದು ವ್ಯಾನಿನಲ್ಲಿದ್ದು, ಇವರ ಸಂಗಡ ತಿರುಗಿ, 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕವನ್ನು ಬರೆದಳು. ಸರಕಾರದ ಬಯಲುಭೂಮಿಯಲ್ಲಿ ಇವರು ಬಿಟ್ಟಿಯಾಗಿ ತಂಗಬಹುದು. ಆದರೆ ಸಾಮಾನ್ಯವಾಗಿ ಒಂದೆಡೆ 14 ದಿನಕ್ಕಿಂತ ಹೆಚ್ಚಾಗಿ ನಿಲ್ಲುವಂತಿಲ್ಲ. ಒಂದು ಗ್ರಾಮದಲ್ಲಿ ಒಂದೇ ರಾತ್ರಿ ಎಂಬ ನಿಯಮ ನಮ್ಮ ಪರಿವ್ರಾಜಕರಿಗೂ ಇತ್ತು. ಅದು ಅವರು ತಾವಾಗಿ ಹಾಕಿಕೊಂಡುದು, ಇದು ಬೇರೆಯವರು ಹಾಕಿದುದು. ಒಂದೇ ವ್ಯಾನು ಒಬ್ಬನಿಗೆ ವಿರಾಮವೂ ಇನ್ನೊಬ್ಬನಿಗೆ ಕೊನೆಯ ಆಸರೆಯೂ ಆಗಬಹುದೆಂಬುದನ್ನು ಮನಸ್ಸಿನಲ್ಲಿಟ್ಟು, ನಾವು ಹೇಳಹೊರಟ ದಂಪತಿಗಳ ಕತೆಗೆ ಬರೋಣ. ಅದು ಈ ಗುರುತುಗಳೆಲ್ಲ ಹುಟ್ಟುವುದಕ್ಕೆ ಮುಕ್ಕಾಲು ಶತಮಾನದ ಹಿಂದಣದು.

ಅರ್ನಿ ಪೈಲನು 1900ನೆಯ ಇಸವಿ ಆಗಸ್ಟ್ 3ರಂದು ಅಮೆರಿಕದ ಇಂಡಿಯಾನಾ ಪ್ರಾಂತದ ಡೇನಾ ಎಂಬ ಹಳ್ಳಿಯ ಬಳಿ ಒಬ್ಬ ಗೇಣಿಯ ಒಕ್ಕಲಿಗನಿಗೆ ಏಕಮಾತ್ರ ಪುತ್ರನಾಗಿ ಹುಟ್ಟಿದನು. ವಿಶ್ವವಿದ್ಯಾಲಯದ ಓದು ಮುಗಿಯಲು ಇನ್ನು ಕೆಲವೇ ತಿಂಗಳಿರುವಾಗ, 1923ರಲ್ಲಿ, ಪದವಿಯನ್ನು ಕೈಬಿಟ್ಟು ಪತ್ರಿಕೆಯ ಕೆಲಸಕ್ಕೆ ಸೇರಿದನು. ಅಲ್ಲಿಂದ ವಾಷಿಂಗ್‌ಟನ್ ನಗರದ ‘ಡೈಲಿ ನ್ಯೂಸ್’ ಪತ್ರಿಕೆಗೆ ಬಂದು, 1925ರಲ್ಲಿ ಜೆರಾಲ್ಡೀನ್ ಎಂಬಾಕೆಯನ್ನು ಮದುವೆಯಾದನು. ಜೆರಿ ಎಂದು ಕರೆಯುತ್ತಿದ್ದ ಆಕೆಯು ಸರಕಾರಿ ಕಚೇರಿಯಲ್ಲಿ ನೌಕರಿಯಲ್ಲಿದ್ದವಳು, ಓದಿನಲ್ಲಿ ಬಹಳ ಆಸಕ್ತಿಯುಳ್ಳವಳು. ಮದುವೆಯಾದ ಮರುವರ್ಷವೇ ಇಬ್ಬರೂ ಕೆಲಸ ಬಿಟ್ಟು, ಒಂದು ಫೋರ್ಡ್ ಗಾಡಿಯಲ್ಲಿ ಗುಡಾರವನ್ನು ಹೇರಿಕೊಂಡು ಹೊರಟರು. ಹತ್ತು ವಾರಗಳಲ್ಲಿ ಸುಮಾರು 9,000 ಮೈಲಿ ತಿರುಗಿ ನ್ಯೂಯಾರ್ಕ್ ಮುಟ್ಟಿದರು. ಮತ್ತೆ ನೌಕರಿ, ಮತ್ತೆ ಬಾಡಿಗೆಯ ಮನೆ. ಹತ್ತು ವಾರದ ರುಚಿ ಮಾತ್ರ ನಾಲಗೆಯ ಮೇಲೆ ಉಳಿಯಿತು.

‘ಡೈಲಿ ನ್ಯೂಸ್’ಗೆ ಮರಳಿದ ಪೈಲನು ವಿಮಾನಗಳನ್ನೂ ವಿಮಾನಿಕರನ್ನೂ ಕುರಿತು ದಿನದಿನವೂ ಬರೆಯುತ್ತ ನಾಲ್ಕು ವರ್ಷ ಸುಖವಾಗಿದ್ದನು. ಆಮೇಲೆ 1932ರಲ್ಲಿ ಬಂದಿತು ಬಡತಿ: ಪತ್ರಿಕೆಯ ವ್ಯವಸ್ಥಾಪಕ ಸಂಪಾದಕನ ಸ್ಥಾನ. ಸಂಬಳ ಏರಿತು, ಅಧಿಕಾರ ಬಂದಿತು, ಬರೆಯುವ ಕೆಲಸ ನಿಂತಿತು. ಇತರರ ಬರೆಹವನ್ನು ತಿದ್ದುವುದು, ತಲೆಬರಹಗಳನ್ನು ಕೂಡಿಸುವುದು, ಗಡಿಯಾರದ ಮುಳ್ಳಿನೊಡನೆ ಓಡುವುದು, ಇದೇ ದಿನಚರಿಯಾಯಿತು. ಬಡತಿಯೆಂಬುದು ಎಷ್ಟೋ ಮಂದಿಯನ್ನು ಅವರು ಬಲ್ಲ ಕೆಲಸದಿಂದಲೇ ಬಡತಿ ಮಾಡಿ ಹೊರಗಿಡುತ್ತದೆ. ಶಾಲೆಯ ಮೇಷ್ಟರು ಇನ್‌ಸ್ಪೆಕ್ಟರಾದಾಗ ನಮ್ಮಲ್ಲಿಯೂ ಇದನ್ನು ಕಾಣುವೆವು. ಪೈಲನು ಮೂರು ವರ್ಷ ಹಲ್ಲುಕಚ್ಚಿ ದುಡಿದನು. ಸ್ವಭಾವತಃ ದೇಹವೂ ಬಡಕಲು. ಕೊನೆಗೆ ಕಠಿಣವಾದ ಫ್ಲೂ ಜ್ವರ ಹಿಡಿದು, ಬೆಚ್ಚನೆಯ ಸೀಮೆಗೆ ಹೋಗಿ ವಿಶ್ರಮಿಸಬೇಕಾಯಿತು. ಹೆಂಡತಿಯೊಡನೆ ದೇಶದ ಪಶ್ಚಿಮ ಭಾಗದಲ್ಲಿ ತಿರುಗಿ ಬಂದ ಆತನು ಆ ಪ್ರಯಾಣವನ್ನು ಕುರಿತು ಕೆಲವು ಲೇಖನಗಳನ್ನು ಬರೆದನು. ರಜೆಯಲ್ಲಿದ್ದ ಪ್ರಸಿದ್ಧ ಲೇಖಕನೊಬ್ಬನ ಜಾಗವನ್ನು ತುಂಬಲು ಅವು ಅಚ್ಚಾದುವು. ವಾಚಕರು ಮೆಚ್ಚಿದರು. ಆಗ ಆತನು, ಇನ್ನು ಇದೇ ನನ್ನ ಕೆಲಸವಾಗಲಿ ಎಂದು ಒಡೆಯರನ್ನು ಕೇಳಿಕೊಂಡನು.

1935ರ ಆಗಸ್ಟಿನಲ್ಲಿ ಗಂಡಹೆಂಡಿರು ಫೋರ್ಡ್ ಗಾಡಿಯಲ್ಲಿ ಮತ್ತೆ ಹೊರಟರು. ಈ ಸಲ ಮರಳುವ ವಿಳಾಸವೇ ಇರಲಿಲ್ಲ. ವಾರಕ್ಕೆ ಆರು ಲೇಖನ, ಒಂದೊಂದೂ ಸುಮಾರು ಸಾವಿರ ಮಾತು: ಇದು ಒಪ್ಪಂದ. ಕೆಲವು ದಿನ ಊರುಗಳನ್ನು ಸುತ್ತಿ ಜನರೊಡನೆ ಮಾತಾಡುವುದು, ಬಳಿಕ ಯಾವುದಾದರೂ ಹೋಟೆಲಿನ ಕೊಠಡಿಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತು ನಾಲ್ಕಾರು ಲೇಖನಗಳನ್ನು ಒಟ್ಟಿಗೆ ಮುಗಿಸುವುದು, ಅಂಚೆಗೆ ಹಾಕುವುದು, ಮುಂದಕ್ಕೆ ಸಾಗುವುದು. ಮಾತಾಡಿಸಲು ಮಂತ್ರಿಗಳೂ ಧನಿಕರೂ ಬೇಕೆಂದಿರಲಿಲ್ಲ. ಗಣಿಯವನು, ಮೀನುಗಾರ, ದಾರಿಯ ಪಕ್ಕದ ಮುದುಕಿ, ಯಾರಾದರೂ ಆಗುತ್ತಿತ್ತು. 1936ರ ಬರಗಾಲದಲ್ಲಿ ಒಣಗಿದ ಸೀಮೆಗಳ ಒಕ್ಕಲಿಗರನ್ನು ಕಂಡು ಬರೆದನು. ಅಲಾಸ್ಕದ ಹಿಮದ ನಾಡಿಗೆ ಹೋದನು. ಹವಾಯಿ ದ್ವೀಪಗಳಲ್ಲಿ ಕಲೌಪಾಪದ ಕುಷ್ಠರೋಗಿಗಳ ವಸತಿಯಲ್ಲಿ ಕೆಲವು ದಿನ ಇದ್ದು ಅವರ ಬಾಳನ್ನು ವಾಚಕರಿಗೆ ತಿಳಿಸಿದನು. ಏನೂ ಸಿಕ್ಕದ ದಿನ ತನ್ನ ಉಡುಪಿನ ಜಿಪ್ಪು ಸಿಕ್ಕಿಕೊಂಡ ಫಜೀತಿಯನ್ನೇ ಬರೆದನು. ಊರಿನಿಂದ ನೆಂಟನ ಕಾಗದ ಬಂದಂತೆ ಜನ ಅದನ್ನು ಓದಿದರು.

ಇದು ಸರಳ ಜೀವನವೇ? ಸಾಮಾನಿನ ಮಟ್ಟಿಗೆ ಹೌದು. ಎರಡು ಪೆಟ್ಟಿಗೆ, ಒಂದು ಯಂತ್ರ, ಒಂದು ಗಾಡಿ. ದುಡಿಮೆಯ ಮಟ್ಟಿಗೆ ಖಂಡಿತ ಅಲ್ಲ. ಭಾನುವಾರ ಬಿಟ್ಟು ದಿನಕ್ಕೊಂದು ಲೇಖನ ಕೇಳುವ ಪತ್ರಿಕೆ ಗಾಡಿಯ ಹಿಂದೆಯೇ ಅಟ್ಟಿಸಿಕೊಂಡು ಬರುತ್ತಿತ್ತು. ಕೆಲವು ವರ್ಷಗಳಾದ ಮೇಲೆ ಆತನೇ ಲೆಕ್ಕಹಾಕಿದಾಗ 800ಕ್ಕಿಂತ ಹೆಚ್ಚು ಹೋಟೆಲುಗಳಲ್ಲಿ ಮಲಗಿದ್ದೂ ಐದು ಜೊತೆ ಟೈರುಗಳು ಸವೆದುದೂ ತಿಳಿದುಬಂದಿತು. ಆ ಖರ್ಚನ್ನೆಲ್ಲ ಪತ್ರಿಕೆ ಕೊಡುತ್ತಿತ್ತೆಂಬುದನ್ನು, ಇಂದು ಇದೇ ಹಾದಿಯನ್ನು ಬಯಸುವ ತರುಣರು ಮರೆಯಬಾರದು. ಪೈಲನು ಮೇಜನ್ನು ಬಿಟ್ಟನೇ ಹೊರತು ತಿಂಗಳ ಸಂಬಳವನ್ನು ಬಿಡಲಿಲ್ಲ.

ಆತನ ಹೆಸರಿನಲ್ಲಿಯೇ ಪತ್ರಿಕಾ ಲೇಖಕರಿಗೆ ಕೊಡುವ ಒಂದು ಬಹುಮಾನವನ್ನು 1956ರಲ್ಲಿ ಪಡೆದವನು ಚಾರ್ಲ್ಸ್ ಕುರಾಲ್ಟ್. ಷಾರ್ಲಟ್ ನಗರದ ಪತ್ರಿಕೆಯಲ್ಲಿ ಸಾಮಾನ್ಯ ಜನರನ್ನು ಕುರಿತು ಬರೆಯುತ್ತಿದ್ದ ಈ ತರುಣನು 1957ರಲ್ಲಿ ಸಿ.ಬಿ.ಎಸ್. ಟೆಲಿವಿಷನ್ನಿಗೆ ಸೇರಿ, ಯುದ್ಧ ಕ್ರಾಂತಿಗಳ ಸುದ್ದಿಗಾಗಿ ವಿಯೆಟ್ನಾಮಿಗೂ ದಕ್ಷಿಣ ಅಮೆರಿಕಕ್ಕೂ ಹೋಗಿಬಂದನು. ಎದುರು ಸಂಸ್ಥೆಯ ಬಾತ್ಮೀದಾರ ತನಗಿಂತ ಮೊದಲು ಸುದ್ದಿ ಹೊಡೆದಾನೆಂಬ ಅಂಜಿಕೆ ಆತನಿಗೆ ಹಿಡಿಸದು. 1967ರಲ್ಲಿ, ಮೂರು ತಿಂಗಳ ಪರೀಕ್ಷೆಗೆಂದು ಒಡೆಯರನ್ನು ಒಪ್ಪಿಸಿ, ಮನೆಯಂತೆ ಸಜ್ಜುಮಾಡಿದ ಮೋಟಾರು ಗಾಡಿಯೊಂದರಲ್ಲಿ ಚಿತ್ರಗಾರನನ್ನೂ ಧ್ವನಿಗಾರನನ್ನೂ ಕೂಡಿಕೊಂಡು ಹಳ್ಳಿಯ ರಸ್ತೆಗಳನ್ನು ಹಿಡಿದನು. ಮೂರು ತಿಂಗಳು ಹತ್ತು ವರ್ಷವನ್ನು ಮೀರಿತು. ಆರು ಗಾಡಿಗಳು ಸವೆದುವು. ದೇಶವೆಲ್ಲ ಆತನನ್ನು ಮನೆಯ ಮಗನಂತೆ ಕಂಡಿತು. 1997ರ ಜುಲೈ 4ರಂದು ಆತನು ತೀರಿಕೊಂಡ ಮೇಲೆ ಮಾತ್ರ ಒಂದು ಸಂಗತಿ ಹೊರಬಿದ್ದಿತು. ನ್ಯೂಯಾರ್ಕಿನಲ್ಲಿ ಧರ್ಮಪತ್ನಿ ಇರುತ್ತಿರುವಾಗಲೇ, ಮಾಂಟಾನಾ ಪ್ರಾಂತದಲ್ಲಿ ಮತ್ತೊಬ್ಬಾಕೆಯೊಡನೆ ಆತನ ಸಂಬಂಧ ಸುಮಾರು ಮೂವತ್ತು ವರ್ಷ ನಡೆದಿತ್ತು. ಆಸ್ಪತ್ರೆಯಿಂದ ಆಕೆಗೆ ಬರೆದ ಕಾಗದವೇ ಅಲ್ಲಿಯ ಹೊಳೆಯ ದಂಡೆಯ ಜಮೀನಿಗೆ ಮರಣಶಾಸನವೆಂದು ಆ ಪ್ರಾಂತದ ಉಚ್ಚ ನ್ಯಾಯಾಲಯವು 2000ನೆಯ ಇಸವಿಯಲ್ಲಿ ತೀರ್ಪುಕೊಟ್ಟಿತು. ಸತ್ತವರ ಗುಣದೋಷಗಳನ್ನು ಎಣಿಸುವುದು ನಮ್ಮ ಉದ್ದೇಶವಲ್ಲ. ಸದಾ ದಾರಿಯಲ್ಲಿರುವವನ ಮನೆಯಲ್ಲಿ ಅವನಿಗಾಗಿ ಕಾಯುವವರ ಮಾತನ್ನು ಕುರಾಲ್ಟನ ಚಿತ್ರಗಳಲ್ಲಿ ಯಾರೂ ಕೇಳಲಿಲ್ಲ, ಅಷ್ಟೆ.

ಪೈಲನ ಸಂಗತಿ ಬೇರೆ. ಆತನ ಹೆಂಡತಿ ಮನೆಯಲ್ಲಿ ಕಾಯಲಿಲ್ಲ, ಪಕ್ಕದಲ್ಲಿಯೇ ಕುಳಿತಿದ್ದಳು. ಲೇಖನಗಳಲ್ಲಿ ಆಕೆಗೆ ಹೆಸರಿಲ್ಲ. ‘ಜೊತೆಯ ಹುಡುಗಿ’ ಎಂಬ ಅರ್ಥದ ಒಂದು ಮಾತಿನಿಂದಲೇ ವಾಚಕರಿಗೆ ಆಕೆಯ ಪರಿಚಯ. ಗಂಡನಿಗೆ ದಾರಿಯಲ್ಲಿ ಕೆಲಸವಿತ್ತು. ಆತನು ಬರೆಯುತ್ತಿರುವಾಗ ಆಕೆಗೆ ಹೋಟೆಲಿನ ನಾಲ್ಕು ಗೋಡೆ, ಒಂದು ಪುಸ್ತಕ. ಅಡಿಗೆಮನೆಯಿಲ್ಲ, ನೆರೆಯವರಿಲ್ಲ, ಒಂದು ಗಿಡವನ್ನು ನೆಟ್ಟು ಚಿಗುರುವುದನ್ನು ಕಾಣುವಷ್ಟು ದಿನ ಒಂದೆಡೆ ಇಲ್ಲ, ಮಕ್ಕಳೂ ಆಗಲಿಲ್ಲ. ಮೊದಲಿನಿಂದಲೂ ಆಕೆಯನ್ನು ಕಾಡುತ್ತಿದ್ದ ಮನಸ್ಸಿನ ಬೇನೆ ಈ ವರ್ಷಗಳಲ್ಲಿ ಹೆಚ್ಚಿತು, ಕುಡಿತವೂ ಸೇರಿತು. ಬೇನೆಗೆ ಅಲೆದಾಟವೊಂದೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಆದರೆ ಊರಿಲ್ಲದ ಬಾಳಿನಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಅತ್ತೆ, ಅಕ್ಕ, ಪಕ್ಕದ ಮನೆಯಾಕೆ ಇವರಾರೂ ಇರುವುದಿಲ್ಲವೆಂಬುದನ್ನು ಹೆಣ್ಣುಮಕ್ಕಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

1940ರಲ್ಲಿ ಇಬ್ಬರೂ ನ್ಯೂ ಮೆಕ್ಸಿಕೋ ಪ್ರಾಂತದ ಆಲ್ಬುಕರ್ಕಿ ನಗರದ ಅಂಚಿನಲ್ಲಿ ಒಂದು ಸಣ್ಣ ಮನೆಯನ್ನು ಕಟ್ಟಿಸಿದರು. ಮದುವೆಯಾಗಿ ಹದಿನೈದು ವರ್ಷಕ್ಕೆ ಅದೇ ಅವರ ಮೊದಲನೆಯ ಸ್ವಂತ ಮನೆ. ಗೋಡೆ ಆರುವುದಕ್ಕೂ ಪೈಲನು ನಿಲ್ಲಲಿಲ್ಲವೆನ್ನಬೇಕು. ಆ ವರ್ಷದ ಕೊನೆಗೆ ಲಂಡನ್ನಿನ ಮೇಲೆ ಜರ್ಮನರ ಬಾಂಬುಗಳು ಬೀಳುತ್ತಿರುವುದನ್ನು ನೋಡಿ ಬರೆಯಲು ಅಲ್ಲಿಗೆ ಹೋದನು. ಆತನು ಅಲ್ಲಿರುವಾಗಲೇ, 1941ರ ಮಾರ್ಚಿಯಲ್ಲಿ, ಇಂಡಿಯಾನಾದಲ್ಲಿ ತಾಯಿ ತೀರಿಕೊಂಡಳು. ಹೆಂಡತಿಗೆ ಆಘಾತವಾದರೆ ಚೇತರಿಸಿಕೊಂಡಾಳೆಂಬ ವಿಚಿತ್ರವಾದ ಆಸೆಯಿಂದ 1942ರಲ್ಲಿ ವಿವಾಹವಿಚ್ಛೇದನ ಮಾಡಿಕೊಂಡನು. ಮರುವರ್ಷ, ಆತನು ಉತ್ತರ ಆಫ್ರಿಕದ ರಣರಂಗದಲ್ಲಿ, ಆಕೆ ಆಲ್ಬುಕರ್ಕಿಯಲ್ಲಿ ಇರುವಾಗ, ಬದಲಿಯವರ ಮೂಲಕ ಮತ್ತೆ ಮದುವೆ ನಡೆಯಿತು. ಸಿಪಾಯಿಗಳ ನಡುವೆ ಇದ್ದು, ಹಿಂದೆ ರಸ್ತೆಯ ಜನರನ್ನು ಕುರಿತು ಬರೆದಂತೆಯೇ ಅವರನ್ನು ಕುರಿತು ಬರೆದ ಲೇಖನಗಳಿಗೆ 1944ರಲ್ಲಿ ಪುಲಿಟ್ಜರ್ ಬಹುಮಾನ ಬಂದಿತು. 1945ರ ಏಪ್ರಿಲ್ 18ರಂದು ಓಕಿನಾವದ ಸಮೀಪದ ಇಯೆ ಎಂಬ ಸಣ್ಣ ದ್ವೀಪದಲ್ಲಿ ಜಪಾನೀಯರ ಗುಂಡು ತಗುಲಿ ಪೈಲನು ಮಡಿದನು. ಅದೇ ವರ್ಷ ನವೆಂಬರಿನಲ್ಲಿ ಜೆರಿಯೂ ಕಣ್ಣುಮುಚ್ಚಿದಳು. ಊರೂರು ಸುತ್ತಿದ ವರ್ಷಗಳ ಲೇಖನಗಳನ್ನು ಆರಿಸಿ 1947ರಲ್ಲಿ ‘ಹೋಮ್ ಕಂಟ್ರಿ’ ಎಂಬ ಪುಸ್ತಕವಾಗಿ ಅಚ್ಚುಹಾಕಿದರು.

ಆಲ್ಬುಕರ್ಕಿಯ ಮನೆಯು ನಗರಕ್ಕೆ ಸೇರಿ, 1948ರಲ್ಲಿ ಸಾರ್ವಜನಿಕ ಪುಸ್ತಕಭಂಡಾರವಾಯಿತು. 1997ರಲ್ಲಿ ಅದನ್ನು ರಾಷ್ಟ್ರದ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು. ಗಂಡಹೆಂಡಿರು ಒಟ್ಟಿಗೆ ಕಳೆದ ದಿನಗಳು ತೀರ ಕಡಿಮೆಯಾದ ಆ ಕೊಠಡಿಗಳ ಗೋಡೆಗಳಿಗೆ ಈಗ ಪುಸ್ತಕದ ಬೀರುಗಳು. ನೆರೆಯ ಬೀದಿಗಳ ಮಕ್ಕಳು ಬಂದು ಕುಳಿತು ಓದುವರು.