ಲ್ಯಾಬಿನ ಪ್ರತಿಕಾಯ, ಕರುವಿನ ಗಿಣ್ಣುಹಾಲು



ಮನುಷ್ಯರ ಲಿವರ್‌ನಲ್ಲಿ ಆರ್ಜಿನೇಸ್ ಎಂಬ ಕಿಣ್ವವಿದೆ. ಲಿವರ್‌ನ ಗಡ್ಡೆ ಅಲ್ಲೇ ಹುಟ್ಟಿದ್ದೋ, ಬೇರೆಡೆಯಿಂದ ಹರಡಿದ್ದೋ ಎಂದು ತಿಳಿಯಲು ಲ್ಯಾಬಿನವರು ಈ ಕಿಣ್ವವನ್ನು ಹುಡುಕುತ್ತಾರೆ. ಅದನ್ನು ಹುಡುಕಿಕೊಡುವುದು ಪ್ರತಿಕಾಯ. ಕಿಣ್ವವನ್ನು ಮೊಲಕ್ಕೆ ಚುಚ್ಚಿದರೆ, ಮೊಲದ ಮೈ ಅದನ್ನು ಹೊರಗಿನದೆಂದು ಗುರುತಿಸಿ, ಅದಕ್ಕೇ ಅಂಟುವ ಪ್ರತಿಕಾಯ ತಯಾರಿಸುತ್ತದೆ.

ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದಾಗ ನಿಮ್ಮ ಹಸುವಿನಲ್ಲಿ ನಡೆಯುವುದೂ ಇದೇ. ಆದರೆ ಹಸುವಿನ ಪ್ರತಿಕಾಯ ಗರ್ಭದಲ್ಲಿರುವ ಕರುವಿಗೆ ದಾಟುವುದಿಲ್ಲ, ಗಿಣ್ಣುಹಾಲಿನಿಂದಲೇ ಸಿಗಬೇಕು. ಕರುವಿನ ಕರುಳು ಅದನ್ನು ಹೀರಿಕೊಳ್ಳುವುದು ಸುಮಾರು ಮೊದಲ 24 ಗಂಟೆ ಮಾತ್ರ, ಅದೂ ಹೊತ್ತು ಕಳೆದಂತೆ ಕಡಿಮೆ.

ಹಾಗಾಗಿ ಮಾಸು ಬೀಳಲಿ ಎಂದು ಕಾಯಬೇಡಿ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಲು ಶುರುಮಾಡಿ. 25 ಕೆ.ಜಿ. ಕರುವಿಗೆ ಮೊದಲ ದಿನ ಎರಡೂವರೆ ಲೀಟರಾದರೂ ಸಿಗಲಿ. ಉಳಿದದ್ದರಲ್ಲಿ ಮನೆಯವರಿಗೆ ಗಿಣ್ಣು ಮಾಡಿ.