ಬೆಟ್ಟದ ಬೈಸಿಕಲ್ಲಿಗೆ ಮನೆಮದ್ದು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಟಮಲ್ಪಾಯಿಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು ಹಳೆಯ, ಭಾರವಾದ ಬೈಸಿಕಲ್ಲುಗಳನ್ನೇರಿ ಸುತ್ತಲಿನ ಕಲ್ಲುದಾರಿಗಳಲ್ಲಿ ಇಳಿಯತೊಡಗಿದರು. ಪೆಡಲನ್ನು ಹಿಮ್ಮುಖವಾಗಿ ತುಳಿದಾಗ ಹಿಡಿಯುವ ಬ್ರೇಕು ಇಳಿಜಾರಿನಲ್ಲಿ ಎಷ್ಟು ಕಾಯುತ್ತಿತ್ತೆಂದರೆ, ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಇಳಿದ ಮೇಲೆ ಹೊಸ ಗ್ರೀಸನ್ನು ತುಂಬಬೇಕಾಗುತ್ತಿತ್ತು. ಹೀಗೆ ಮತ್ತೆ ತುಂಬುವುದರಿಂದಲೇ 1976ರಲ್ಲಿ ಆರಂಭವಾದ ಅವರ ಪಂದ್ಯಕ್ಕೆ 'ರಿಪ್ಯಾಕ್' ಎಂಬ ಹೆಸರು ಬಂದಿತು. ಬೆಟ್ಟದ ಬೈಸಿಕಲ್ಲು ಹುಟ್ಟಿದ್ದೇ ಇಂತಹ ರಿಪೇರಿಗಳ ನಡುವೆ ಎನ್ನಬಹುದು.

ಮೊದಮೊದಲು ದಾರಿಯ ಹೊಡೆತವನ್ನು ತಾಳಲು ದಪ್ಪ ಟೈರು ಮಾತ್ರವಿತ್ತು. ಮುಂಚಕ್ರವನ್ನು ಹಿಡಿದಿರುವ ಕವಲಿಗೆ, ಅಂದರೆ ಫೋರ್ಕಿಗೆ, ಸಸ್ಪೆನ್ಷನ್ ವ್ಯಾಪಕವಾಗಿ ಬಂದುದು 1990ರ ದಶಕದಲ್ಲಿ. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುವುದು. ಒಳಗಿನ ಸ್ಪ್ರಿಂಗು ಕುಗ್ಗಿ ಹಿಗ್ಗುವುದು. ಆ ಕಾಲದ ಅನೇಕ ಫೋರ್ಕುಗಳಲ್ಲಿ ಉಕ್ಕಿನ ಸ್ಪ್ರಿಂಗಿಗೆ ಬದಲಾಗಿ ಎಲಾಸ್ಟೊಮರ್ ಎಂಬ ರಬ್ಬರಿನಂತಹ ವಸ್ತುವಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿರುತ್ತಿದ್ದರು. ವರ್ಷಗಳು ಕಳೆದಂತೆ ಅವು ಅಂಟಂಟಾಗುತ್ತವೆ, ಇಲ್ಲವೇ ಪುಡಿಯಾಗುತ್ತವೆ. ಬದಲಿ ತುಂಡು ಅಂಗಡಿಯಲ್ಲಿ ದೊರೆಯದಿದ್ದರೆ ಮಾಡುವುದೇನು?

ನನ್ನ ಫೋರ್ಕಿಗೂ ಈ ಗತಿ ಬಂದಾಗ ಗಟ್ಟಿ ರಬ್ಬರಿನ ಸರಳೊಂದನ್ನು ತಂದು, ಚಾಕುವಿಗೆ ಸಾಬೂನಿನ ನೀರು ಸವರಿ, ಕೊಳವೆಯಲ್ಲಿ ಬಿಗಿಯಾಗಿ ಕೂಡುವಂತೆ ಕತ್ತರಿಸಿ ತುಂಬಿದೆ. ಫೋರ್ಕು ಒನಕೆಯಂತೆ ನಿಂತಿತು, ಕುಗ್ಗಲೇ ಇಲ್ಲ! ಕಾರಣ ಸ್ವಾರಸ್ಯವಾದುದು. ಮೂಲದ ತುಂಡಿನಲ್ಲಿ ಅಸಂಖ್ಯಾತ ಗಾಳಿಗುಳ್ಳೆಗಳಿದ್ದವು. ಒತ್ತಿದಾಗ ಅದು ತನ್ನೊಳಗೇ ಕುಗ್ಗುತ್ತಿತ್ತು. ಗಟ್ಟಿ ರಬ್ಬರಿನ ಗಾತ್ರವಾದರೋ ಒತ್ತಿದರೂ ಹೆಚ್ಚುಕಡಿಮೆ ಬದಲಾಗದು. ಅದರ ಎತ್ತರ ತಗ್ಗಬೇಕಾದರೆ ಅದು ಬದಿಗೆ ಉಬ್ಬಲೇಬೇಕು. ಉಬ್ಬಲು ನಾನು ಎಡೆಯನ್ನೇ ಬಿಟ್ಟಿರಲಿಲ್ಲ. ಬಳಿಕ ತುಂಡುಗಳ ಸುತ್ತನ್ನು ಉಪ್ಪುಕಾಗದದಿಂದ ಉಜ್ಜಿ ಕಿರಿದಾಗಿಸಿ, ನಡುನಡುವೆ ವಾಷರುಗಳನ್ನಿಟ್ಟು, ಒಟ್ಟು ಉದ್ದ ಮೊದಲಿನಷ್ಟೇ ಇರುವಂತೆ ಜೋಡಿಸಿದೆ.

ಹದ ತಿಳಿಯಲು ಒಂದು ದಾರ ಸಾಕು. ಒಳಕೊಳವೆಗೆ, ಹೊರಕೊಳವೆಯ ಅಂಚಿಗೆ ತಾಗುವಂತೆ, ದಾರವನ್ನು ಸುತ್ತಿ ಕಟ್ಟಬೇಕು. ಮೆಲ್ಲನೆ ಏರಿ ಕುಳಿತು ಇಳಿದರೆ, ದಾರ ಸರಿದಷ್ಟೇ ಫೋರ್ಕು ತಗ್ಗಿದೆ ಎಂದರ್ಥ. 60 ಮಿಲಿಮೀಟರ್ ಚಲಿಸಬಲ್ಲ ಫೋರ್ಕು ಸವಾರನ ಭಾರಕ್ಕೆ 12ರಿಂದ 15 ಮಿಲಿಮೀಟರ್ ತಗ್ಗಿದರೆ ಹದ ಸರಿಯಾಗಿದೆ.

ಇಷ್ಟಾದರೂ ಮನೆಮದ್ದಿಗೆ ಮಿತಿಯುಂಟು. ರಬ್ಬರು ಸೋತರೆ ಕುಲುಕಾಟ ಹೆಚ್ಚೀತು, ಅಷ್ಟೆ. ಭಾರ ಹೊರುವ ಲೋಹವೇ ಸೋತರೆ ಸವಾರ ಮುಗ್ಗರಿಸಿ ಬಂಡೆಯ ಮೇಲೆ ಬಿದ್ದಾನು. ಬಿರುಕು ಬಿಟ್ಟ ಅಲ್ಯೂಮಿನಿಯಂ ಭಾಗಕ್ಕೆ ಬೆಸುಗೆ ಹಾಕಿಸೋಣವೆಂದರೆ, ಶಾಖದಿಂದ ಹದಗೊಳಿಸಿದ ಲೋಹದ ಬಲ ಆ ಬಿಸಿಗೇ ಕುಂದುತ್ತದೆ. ಗಾಳಿ ತುಂಬಿದ ಹಿಂಬದಿಯ ಶಾಕಿನೊಳಗಿನ ಒತ್ತಡ ಕಾರಿನ ಟೈರಿನ ಒತ್ತಡದ ಐದಾರು ಪಟ್ಟು ಇರಬಲ್ಲದು. ಗಾಳಿಯನ್ನು ಬಿಡದೆ ಬಿಚ್ಚಿದರೆ ಭಾಗಗಳು ಮುಖಕ್ಕೇ ಸಿಡಿದಾವು.

ಮರುವರ್ಷ ನನ್ನ ಫೋರ್ಕಿನ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಒಳಗಿನ ರಬ್ಬರು ತುಂಡುಗಳು ಚೆನ್ನಾಗಿಯೇ ಇದ್ದವು. ಆ ಫೋರ್ಕನ್ನು ನಾನು ಮತ್ತೆ ಬಳಸಲಿಲ್ಲ.