ದೂರಯಾನದ ಬೈಸಿಕಲ್ಲಿಗೆ ಹ್ಯಾಂಡಲಿನ ಆಯ್ಕೆ

ಶಾಸನ, ವೀರಗಲ್ಲುಗಳನ್ನು ಅರಸುತ್ತ ಹಳ್ಳಿಯಿಂದ ಹಳ್ಳಿಗೆ ಹೋಗುವ ವಿದ್ಯಾರ್ಥಿಗೆ ಬೈಸಿಕಲ್ಲು ಇಂದಿಗೂ ಒಳ್ಳೆಯ ವಾಹನವೇ. ಆದರೆ ದಿನವೆಲ್ಲ ತುಳಿದು ಕಲ್ಲಿನ ಮುಂದೆ ನಿಂತಾಗ ಬೆರಳುಗಳು ಜೋಮುಗಟ್ಟಿ ಪೆನ್ಸಿಲು ಹಿಡಿಯಲು ಬಾರದಿದ್ದರೆ ಪ್ರಯಾಣದ ಉದ್ದೇಶವೇ ಕೆಡುವುದು. ಇದಕ್ಕೆ ಕಾರಣ ಬಹುಮಟ್ಟಿಗೆ ಹ್ಯಾಂಡಲು. ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಗೆ, ಚರ್ಮಕ್ಕೆ ಸಮೀಪವಾಗಿ ಅಲ್ನಾರ್ ನರವು ಹಾಯುತ್ತದೆ. ಅಲ್ಲಿ ಬಹುಕಾಲ ಒತ್ತಡ ಬಿದ್ದರೆ ಕಿರುಬೆರಳೂ ಉಂಗುರಬೆರಳೂ ಮರಗಟ್ಟುವುವು.

1817ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸನು ಓಡಿಸಿದ, ಪೆಡಲುಗಳಿಲ್ಲದ ಗಾಡಿಯಲ್ಲಿ ದಿಕ್ಕು ತಿರುಗಿಸುವ ಹಿಡಿಯೊಂದು, ಮುಂಗೈಗಳನ್ನು ಊರಲು ಮೆತ್ತೆಯ ಹಲಗೆಯೊಂದು ಬೇರೆಬೇರೆಯಾಗಿ ಇದ್ದುವು. ತಿರುಗಿಸುವುದು ಒಂದು ಕೆಲಸ, ಭಾರ ತಾಳುವುದು ಇನ್ನೊಂದು. ಮುಂದೆ ಎರಡೂ ಒಂದೇ ಕೊಳವೆಯ ಪಾಲಿಗೆ ಬಂದುವು. ತೊಡಕು ಹುಟ್ಟಿದ್ದು ಅಲ್ಲಿಯೇ. 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಭಾರತವನ್ನೂ ಹಾದು, 1886ರಲ್ಲಿ ಯೊಕೊಹಾಮಾ ಸೇರಿದ ಥಾಮಸ್ ಸ್ಟೀವನ್ಸನದು ಎತ್ತರದ ಚಕ್ರದ ಬೈಸಿಕಲ್ಲು. ಅದರಲ್ಲಿ ಸವಾರನು ನೆಟ್ಟಗೆ ಕೂಡುತ್ತಿದ್ದುದರಿಂದ ಕೈಗೆ ಭಾರ ಕಡಮೆ. ಮುಗ್ಗರಿಸಿದರೆ ಮಾತ್ರ ಕಾಲುಗಳು ಹ್ಯಾಂಡಲಿನ ಕೆಳಗೆ ಸಿಕ್ಕಿಕೊಳ್ಳುತ್ತಿದ್ದುವು! 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ರೋವರನ್ನು ಹೊರತಂದ ಮೇಲೆ ಸವಾರನು ಎರಡು ಚಕ್ರಗಳ ನಡುವೆ ಬಂದನು.

ನಮ್ಮ ಊರುಗಳ ಸಾದಾ ಸೈಕಲ್ಲಿನ, ಸವಾರನ ಕಡೆಗೆ ಬಾಗಿದ ಹ್ಯಾಂಡಲು ಆ ವಂಶದ್ದೇ. ಮೈ ನೆಟ್ಟಗಿರುವುದರಿಂದ ಅಂಗೈಗೆ ಹಿತ. ಆದರೆ ಭಾರವೆಲ್ಲ ಸೀಟಿನ ಮೇಲೆ ಬೀಳುವುದು, ಎದುರುಗಾಳಿಯಲ್ಲಿ ಎದೆಯೇ ಹಾಯಿಯಾಗುವುದು. ಅಡ್ಡಕೋಲಿನಂತಹ ನೇರ ಹ್ಯಾಂಡಲು ಕೈಗೆ ಒಂದೇ ಎಡೆಯನ್ನು ಕೊಡುತ್ತದೆ. ಪಂದ್ಯದವರ ಕೆಳಬಾಗಿದ ಹ್ಯಾಂಡಲನ್ನು ಕಂಡು ಹೆದರುವವರುಂಟು. ಆದರೆ ಅದರಲ್ಲಿ ಮೇಲಿನ ಅಡ್ಡಭಾಗ, ಬ್ರೇಕಿನ ತಲೆ, ಕೆಳಗಿನ ಬಾಗು ಎಂದು ಕೈಯಿಡಲು ಮೂರು ಎಡೆಗಳಾದರೂ ಉಂಟು. ಒಂದೇ ಜಾಗದ ಒತ್ತಡವೇ ನರದ ಶತ್ರುವಾದುದರಿಂದ, ದೂರಯಾನಕ್ಕೆ ಇದೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ಪಂದ್ಯದವರಂತೆ ಅದನ್ನು ತಗ್ಗಿಸದೆ ಸೀಟಿನ ಮಟ್ಟಕ್ಕಾದರೂ ಏರಿಸಬೇಕು. ಅಗಲವು ಭುಜಗಳ ಅಗಲಕ್ಕೆ ಸರಿಯಾಗಿರಲಿ. ಹಿಡಿದಾಗ ಮೊಳಕೈ ಸ್ವಲ್ಪ ಮಡಿಚಿರಬೇಕು. ಚಾಚಿ ಸೆಟೆದರೆ, ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ಮನ್ನು ಗಿಡ್ಡದಕ್ಕೆ ಬದಲಿಸಿ ನೋಡುವುದು ಮೊದಲ ಕೆಲಸ.

ಕೊಳ್ಳುವ ಮುನ್ನ ಬ್ರೇಕನ್ನು ಗಮನಿಸತಕ್ಕದ್ದು. ಸಾದಾ ಸೈಕಲ್ಲಿನ ಸರಳು-ಬ್ರೇಕು ಹ್ಯಾಂಡಲಿಗೇ ಹೊಂದಿಕೊಂಡಿರುವುದರಿಂದ, ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಬದಲಿಸಬೇಕು. ನೇರ ಹ್ಯಾಂಡಲಿನ ಹಿಡಿಯ ಭಾಗದ ವ್ಯಾಸ ಸಾಮಾನ್ಯವಾಗಿ 22.2 ಮಿಲಿಮೀಟರು, ಕೆಳಬಾಗಿದ್ದರದು 23.8, ಆದುದರಿಂದ ಒಂದರ ಬ್ರೇಕಿನ ಹಿಡಿ ಇನ್ನೊಂದಕ್ಕೆ ಕೂಡದು.